ತಣ್ಣಗಾದರೆ ಏನು ಮಾಡುತ್ತೆ?

ಕೆಲವು ವರ್ಷಗಳ ಹಿಂದೆ ಒಂದು ಲ್ಯಾಬಿನ ಗಾಜಿನ ರಿಯಾಕ್ಟರಿಗೆ ನಿಯಂತ್ರಣದ ತಂತ್ರಾಂಶ ಬರೆದುಕೊಟ್ಟಿದ್ದೆ. ಒಂದು ಲೀಟರಿನ ಪಾತ್ರೆ. ಅದನ್ನು ಸುತ್ತುವರಿದ ಗಾಜಿನ ಜಾಕೆಟ್ಟಿನಲ್ಲಿ ಚಿಲ್ಲರ್‌ನಿಂದ ಬರುವ ತಣ್ಣನೆಯ ದ್ರವ ಹರಿಯುತ್ತದೆ. ಮೇಲೊಂದು ಸ್ಟರರ್, ಪಕ್ಕದಲ್ಲಿ ರಾಸಾಯನಿಕವನ್ನು ಹನಿಹನಿಯಾಗಿ ಸೇರಿಸುವ ಡೋಸಿಂಗ್ ಪಂಪ್. ಒಳಗಿನ ತಾಪಮಾನ ಮಿತಿ ದಾಟಿದರೆ ಪಂಪ್ ನಿಲ್ಲಬೇಕು, ಅಲಾರಂ ಕೂಗಬೇಕು. ಹತ್ತು ಸಲ ತೋರಿಸಿದೆ, ಹತ್ತು ಸಲವೂ ನಿಂತಿತು. ಅಷ್ಟು ಹೊತ್ತು ಕೈಕಟ್ಟಿ ನೋಡುತ್ತಿದ್ದ ಹಿರಿಯ ರಸಾಯನಶಾಸ್ತ್ರಜ್ಞೆಯೊಬ್ಬರು ಕೇಳಿದರು: "ಬಿಸಿಯಾದರೆ ನಿಲ್ಲುತ್ತೆ, ಸರಿ. ತಣ್ಣಗಾದರೆ ಏನು ಮಾಡುತ್ತೆ?"

"ತಣ್ಣಗಾದರೆ ತೊಂದರೆ ಏನು ಮೇಡಂ?"

"ನನಗೆ ಭಯ ಇರೋದೇ ಅದರದ್ದು" ಅಂದರು.

ಆಮೇಲೆ ವಿವರಿಸಿದರು. ಗ್ರಿನ್ಯಾರ್ ಎಂಬ ಕ್ರಿಯೆಯಲ್ಲಿ ಈಥರ್ ದ್ರವದೊಳಗೆ ಮೆಗ್ನೀಸಿಯಂ ಚೂರುಗಳಿರುತ್ತವೆ, ಮೇಲಿನಿಂದ ಹ್ಯಾಲೈಡನ್ನು ಹನಿಸುತ್ತಾರೆ. ಕ್ರಿಯೆ ಶುರುವಾದರೆ ಶಾಖ ಬಿಡುಗಡೆಯಾಗುತ್ತದೆ. ಆದರೆ ಅದು ಕೆಲವೊಮ್ಮೆ ಹಟ ಹಿಡಿದು ಕೂರುತ್ತದೆ: ಲೋಹದ ಮೇಲೆ ಆಕ್ಸೈಡಿನ ಪೊರೆ ಇರಬಹುದು, ಪಾತ್ರೆಯಲ್ಲಿ ತುಸು ತೇವ ಉಳಿದಿರಬಹುದು. ಆಗ ತಾಪಮಾನ ಏರುವುದಿಲ್ಲ. ನನ್ನ ತಂತ್ರಾಂಶದ ಕಣ್ಣಿಗೆ ಅದು ನೆಮ್ಮದಿಯ ಸ್ಥಿತಿ. ಪಂಪ್ ಹನಿಸುತ್ತಲೇ ಇರುತ್ತದೆ, ಕ್ರಿಯೆಗೆ ಒಳಗಾಗದ ಹ್ಯಾಲೈಡ್ ಕೆಳಗೆ ಕೂಡುತ್ತಲೇ ಇರುತ್ತದೆ. ಅರ್ಧ ಗಂಟೆಯ ನಂತರ ಕ್ರಿಯೆ ಒಮ್ಮೆಲೇ ಎದ್ದಿತೆಂದರೆ, ಅರ್ಧ ಗಂಟೆಯ ಶಾಖವೆಲ್ಲ ಒಂದೆರಡು ನಿಮಿಷದಲ್ಲಿ ಹೊರಬೀಳುತ್ತದೆ. ಈಥರ್ ಕುದಿಯುವುದು ಸುಮಾರು 35 ಡಿಗ್ರಿಗೆ, ಅದರ ಆವಿಗೆ ಕಿಡಿ ಸಾಕು. ಅದಕ್ಕೇ ಕೈಯಿಂದ ಮಾಡುವವರು ಮೊದಲು ಸ್ವಲ್ಪವೇ ಹನಿಸಿ, ಈಥರ್ ತಾನಾಗಿ ಕುದಿಯತೊಡಗುವುದನ್ನು ಕಣ್ಣಾರೆ ಕಂಡು, ಆಮೇಲೆ ಮುಂದುವರಿಯುತ್ತಾರೆ.

ನನಗೆ ಕೊಟ್ಟ ಬೇಡಿಕೆ ಪಟ್ಟಿಯಲ್ಲಿ ಕೆಳಮಿತಿಯ ಮಾತೇ ಇರಲಿಲ್ಲ. ಕೋಡು ಪಟ್ಟಿಗೆ ತಕ್ಕಂತೆ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿದ್ದ ಕೋಡು ಫ್ಯೂಮ್ ಹುಡ್‌ನೊಳಗೆ ಬೆಂಕಿ ಎಬ್ಬಿಸಬಹುದಿತ್ತು ಎಂಬ ಅರಿವು ನನ್ನನ್ನು ಬಹಳ ದಿನ ಕಾಡಿತು. ಲ್ಯಾಬಿನ ಯಂತ್ರಕ್ಕೆ ತಂತ್ರಾಂಶ ಬರೆಯುವ ನಾವು ಸಾಮಾನ್ಯವಾಗಿ ಒಂದು ನಂಬಿಕೆಯನ್ನು ಪ್ರಶ್ನಿಸದೆ ಹೊತ್ತು ತಿರುಗುತ್ತೇವೆ: ಏನಾದರೂ ಎಡವಟ್ಟಾದರೆ ಎಲ್ಲವನ್ನೂ ಆಫ್ ಮಾಡಿದರಾಯಿತು, ಯಂತ್ರ ಸುರಕ್ಷಿತ. ಲೇತ್ ಯಂತ್ರಕ್ಕೆ, ಲಿಫ್ಟಿಗೆ, ಹಿಟ್ಟಿನ ಗಿರಣಿಗೆ ಇದು ಬಹುಮಟ್ಟಿಗೆ ನಿಜ. ರಸಾಯನಶಾಸ್ತ್ರಕ್ಕೆ ನಿಜವಲ್ಲ. ಪಾತ್ರೆಯೊಳಗಿನ ಅಣುಗಳಿಗೆ ನಮ್ಮ ಸ್ವಿಚ್ಚು ಕಾಣುವುದಿಲ್ಲ. ವಿದ್ಯುತ್ ನಿಂತರೆ ತಂಪು ನಿಲ್ಲುತ್ತದೆ, ಕಲಕುವುದು ನಿಲ್ಲುತ್ತದೆ, ಕ್ರಿಯೆ ಮಾತ್ರ ನಡೆಯುತ್ತಲೇ ಇರುತ್ತದೆ.

ಇದನ್ನು ಜಗತ್ತಿಗೆ ಅತ್ಯಂತ ಕಹಿಯಾಗಿ ಕಲಿಸಿದ ಘಟನೆ ಇಟಲಿಯ ಸೆವೆಸೊ. ಮೇದಾ ಎಂಬಲ್ಲಿದ್ದ ಇಕ್ಮೆಸಾ ಕಾರ್ಖಾನೆಯಲ್ಲಿ ಟ್ರೈಕ್ಲೋರೊಫಿನಾಲ್ ತಯಾರಿಸುತ್ತಿದ್ದರು. 1976ರ ಜುಲೈ 10, ಶನಿವಾರ. ವಾರಾಂತ್ಯಕ್ಕೆ ಕಾರ್ಖಾನೆ ಮುಚ್ಚಬೇಕಿದ್ದುದರಿಂದ ಬ್ಯಾಚನ್ನು ನಡುವೆಯೇ ನಿಲ್ಲಿಸಿದರು. ಹಬೆಯನ್ನು ಬಂದ್ ಮಾಡಿದರು, ಸುಮಾರು ಕಾಲು ಗಂಟೆ ಕಲಕಿ ಸ್ಟರರನ್ನೂ ನಿಲ್ಲಿಸಿದರು, ಮನೆಗೆ ಹೋದರು. ಎಲ್ಲವೂ ಆಫ್. ಆರೇಳು ಗಂಟೆಗಳ ನಂತರ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ, ಒಳಗಿನ ಒತ್ತಡಕ್ಕೆ ಸುರಕ್ಷಾ ಬಿಲ್ಲೆ ಒಡೆದು ಡಯಾಕ್ಸಿನ್ ಎಂಬ ವಿಷ ಬೆರೆತ ಮೋಡ ಪಕ್ಕದ ಸೆವೆಸೊ ಊರಿನ ಮೇಲೆ ಹರಡಿತು. ಮುಂದೆ ನಡೆದ ಅಧ್ಯಯನಗಳು ಕೊಟ್ಟ ವಿವರಣೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಟರ್ಬೈನಿನ ಮೇಲೆ ಭಾರ ಕಡಿಮೆಯಾಗಿದ್ದರಿಂದ ಆ ದಿನ ಹಬೆ ಎಂದಿಗಿಂತ ಬಹಳ ಬಿಸಿಯಾಗಿತ್ತು. ಅದು ರಿಯಾಕ್ಟರಿನ ಗೋಡೆಯನ್ನು ಕಾಯಿಸಿತ್ತು. ಕಲಕುವುದು ನಿಂತ ಮೇಲೆ ಗೋಡೆಯ ಶಾಖ ದ್ರವದ ಮೇಲ್ಪದರಕ್ಕೆ ಮಾತ್ರ ಇಳಿಯಿತು. ಆ ತೆಳು ಪದರ ಮೆಲ್ಲಗೆ ತಾನೇ ಬಿಸಿಯಾಗತೊಡಗಿ, ಕೊನೆಗೆ ಇಡೀ ರಾಶಿಯನ್ನು ಎಳೆದುಕೊಂಡಿತು.

ಸೌದೆ ಒಲೆಯಲ್ಲಿ ಹಾಲು ಕಾಯಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಉಕ್ಕು ಬರುವಾಗ ಸೌದೆ ಎಳೆದರೆ ಸಾಲದು, ಒಲೆಯಲ್ಲಿ ಕೆಂಡ ಇದ್ದೇ ಇರುತ್ತದೆ. ಪಾತ್ರೆ ಇಳಿಸಬೇಕು, ಇಲ್ಲವೇ ಸೌಟು ಹಾಕಿ ತಿರುಗಿಸುತ್ತಿರಬೇಕು. ಸೆವೆಸೊದಲ್ಲಿ ಸೌದೆ ಎಳೆದರು, ಸೌಟನ್ನೂ ತೆಗೆದರು.

ಅದು ಕಾರ್ಖಾನೆ, ಲ್ಯಾಬಿನ ಒಂದು ಲೀಟರಿಗೆ ಅದನ್ನೇಕೆ ಹೋಲಿಸಬೇಕು ಎನ್ನಬಹುದು. ಹೌದು, ಪಾತ್ರೆ ಚಿಕ್ಕದಾದಷ್ಟೂ ಒಳಗಿನ ರಾಶಿಗೆ ಹೋಲಿಸಿದರೆ ಹೊರಮೈ ಹೆಚ್ಚು, ಶಾಖ ಸುಲಭವಾಗಿ ಹೊರಹೋಗುತ್ತದೆ. ಇದರಿಂದಲೇ ಲ್ಯಾಬು ನಮಗೆ ಸುಳ್ಳು ಧೈರ್ಯ ಕಲಿಸುತ್ತದೆ. ನೂರು ಮಿಲಿಲೀಟರಿನಲ್ಲಿ ಸಾಧುವಾಗಿದ್ದ ಕ್ರಿಯೆ ಐದು ಲೀಟರಿನಲ್ಲಿ ಬೇರೆಯೇ ಪ್ರಾಣಿ. ಹತ್ತು ಡಿಗ್ರಿ ಏರಿದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬ ಹಳೆಯ ಲೆಕ್ಕವನ್ನು ನೆನೆದರೆ ಸಾಕು: ಶಾಖ ಹುಟ್ಟುವುದು ಮಡಿಮಡಿಯಾಗಿ ಬೆಳೆಯುತ್ತದೆ, ಜಾಕೆಟ್ಟು ಅದನ್ನು ಹೊತ್ತೊಯ್ಯುವುದು ನೇರ ಗೆರೆಯಲ್ಲಷ್ಟೇ ಬೆಳೆಯುತ್ತದೆ. ಎರಡು ಗೆರೆಗಳೂ ಒಂದು ಹಂತದಲ್ಲಿ ಬೇರೆಯಾದವೆಂದರೆ ಮತ್ತೆ ಕೂಡುವುದಿಲ್ಲ.

ಈಗ ನಿಯಂತ್ರಣದ ತಂತ್ರಾಂಶ ಅಂದರೆ ಏನು ಎಂದು ನೋಡೋಣ. ಕಾಲೇಜಿನಲ್ಲಿ ಕಲಿಸುವುದು ಪಿಐಡಿ ಸೂತ್ರ. ಗುರಿಯಿಂದ ಈಗ ಎಷ್ಟು ದೂರ ಇದ್ದೇವೆ, ಹಿಂದಿನಿಂದ ಎಷ್ಟು ಕೊರತೆ ಕೂಡಿಬಂದಿದೆ, ಎಷ್ಟು ಬೇಗ ಬದಲಾಗುತ್ತಿದೆ ಎಂಬ ಮೂರನ್ನು ತೂಗಿ ಹೀಟರಿಗೋ ಚಿಲ್ಲರಿಗೋ ಆದೇಶ ಕೊಡುವುದು. ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಹಡಗು ನಡೆಸುವ ವಿಷಯವಾಗಿ ಬರೆದಾಗ, ಅನುಭವಿ ಚುಕ್ಕಾಣಿಗಾರ ಏನು ಮಾಡುತ್ತಾನೆ ಎಂಬುದನ್ನೇ ಗಣಿತಕ್ಕೆ ಇಳಿಸಿದ್ದ. ಡ್ರಾಪಿಂಗ್ ಫನಲ್ಲಿನ ನಲ್ಲಿಯ ಮೇಲೆ ಬೆರಳಿಟ್ಟು ಥರ್ಮಾಮೀಟರಿನಿಂದ ಕಣ್ಣು ತೆಗೆಯದೆ ಕೂತ ರಸಾಯನಶಾಸ್ತ್ರಜ್ಞೆ ಮಾಡುವುದೂ ಅದನ್ನೇ. ಕೋಡಿನಲ್ಲಿ ಇದು ಹತ್ತು ಹದಿನೈದು ಸಾಲು. ನಾನು ಬರೆದ ಫರ್ಮ್‌ವೇರ್ ಸಾವಿರಾರು ಸಾಲಿನದು. ಉಳಿದ ಸಾಲುಗಳೆಲ್ಲ ಆ ಹದಿನೈದು ಸಾಲಿಗೆ ಹೊತ್ತಿಗೆ ಸರಿಯಾಗಿ, ನಿಜವಾದ ಅಳತೆ ಸಿಗುವಂತೆ ನೋಡಿಕೊಳ್ಳಲು, ಸಿಗದಾಗ ಏನು ಮಾಡಬೇಕೆಂದು ತೀರ್ಮಾನಿಸಲು ಇರುವಂಥವು. ಕೆಲಸವಿರುವುದು ಅಲ್ಲಿ. ಕಲಿಸದೆ ಬಿಡುವುದೂ ಅದನ್ನೇ.

ಹೊತ್ತಿನ ಮಾತು ಮೊದಲು. ರಿಯಲ್ ಟೈಮ್ ಎಂದರೆ ವೇಗ ಎಂದುಕೊಳ್ಳುವವರೇ ಹೆಚ್ಚು. ಲ್ಯಾಬಿನ ರಿಯಾಕ್ಟರಿಗೆ ವೇಗ ಬೇಕಿಲ್ಲ, ಅದರ ತಾಪಮಾನ ಬದಲಾಗಲು ಎಷ್ಟೋ ಸೆಕೆಂಡು ಹಿಡಿಯುತ್ತದೆ. ಬೇಕಿರುವುದು ಸಮಯಪಾಲನೆ. ಹೊತ್ತು ಮೀರಿ ಬಂದ ಸರಿಯುತ್ತರ ಇಲ್ಲಿ ತಪ್ಪುತ್ತರ. ಸೆಕೆಂಡಿಗೆ ಹತ್ತು ಬಾರಿ ಅಳೆಯುತ್ತೇನೆ ಎಂದುಕೊಂಡೇ ಪಿಐಡಿ ಲೆಕ್ಕ ಹಾಕುತ್ತದೆ. ನಡುವೆ ಒಮ್ಮೆ ಕಂಪ್ಯೂಟರ್ ತನ್ನ ಯಾವುದೋ ಅಪ್‌ಡೇಟ್‌ನಲ್ಲಿ ಮುಳುಗಿ ಮೂರು ಸೆಕೆಂಡು ಸುಮ್ಮನಾದರೆ ಆ ಲೆಕ್ಕದ ಬುಡವೇ ಅಲುಗುತ್ತದೆ. ಮೇಜಿನ ಮೇಲಿನ ಕಂಪ್ಯೂಟರು ಸರಾಸರಿಯಲ್ಲಿ ಬಹಳ ಚುರುಕು. ಆದರೆ ಅತ್ಯಂತ ಕೆಟ್ಟ ಗಳಿಗೆಯಲ್ಲಿ ಎಷ್ಟು ತಡ ಮಾಡಬಹುದು ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಯಂತ್ರದೊಳಗೇ ಕೂರುವ, ಕೆಲವು ನೂರು ರೂಪಾಯಿಯ ಮೈಕ್ರೋಕಂಟ್ರೋಲರ್ ಚಿಪ್ಪಿನಲ್ಲಿ, ಕೋಡನ್ನು ಶಿಸ್ತಿನಿಂದ ಬರೆದಿದ್ದರೆ, ಉತ್ತರವಿದೆ.

ಹಾಗಾಗಿ ಕಂಪ್ಯೂಟರಿನಿಂದ ಪಂಪಿಗೆ "ಶುರು ಮಾಡು" ಎಂದೂ ಆಮೇಲೆ "ನಿಲ್ಲಿಸು" ಎಂದೂ ಆದೇಶ ಕಳಿಸುವ ವಿನ್ಯಾಸವನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಲ್ಯಾಬುಗಳಲ್ಲಿ ಪೈಥಾನಿನಲ್ಲಿ ಹೀಗೇ ಬರೆದಿರುತ್ತಾರೆ, ವರ್ಷಗಟ್ಟಲೆ ನಡೆದೂ ಇರುತ್ತದೆ. ಎರಡು ಆದೇಶಗಳ ನಡುವೆ ಕಂಪ್ಯೂಟರ್ ಸ್ತಬ್ಧವಾದರೆ, ಯುಎಸ್‌ಬಿ ಕೇಬಲ್ ಯಾರದೋ ಕಾಲಿಗೆ ಸಿಕ್ಕಿ ಕಳಚಿದರೆ, "ನಿಲ್ಲಿಸು" ಎಂಬುದು ಎಂದಿಗೂ ತಲುಪುವುದಿಲ್ಲ. ಬದಲಿಗೆ "ಎರಡು ಮಿಲಿಲೀಟರ್ ಹಾಕು, ಹಾಕಿ ನೀನೇ ನಿಲ್ಲು" ಅನ್ನಬಹುದು. ಇಲ್ಲವೇ "ಇನ್ನೊಂದು ಸೆಕೆಂಡು ನಡೆ" ಎಂದು ಪ್ರತಿ ಸೆಕೆಂಡೂ ಹೇಳುತ್ತಿರಬೇಕು, ಹೇಳುವುದು ನಿಂತರೆ ಪಂಪ್ ತಾನೇ ನಿಲ್ಲಬೇಕು. ರೈಲು ಎಂಜಿನ್ನಿನ ಚಾಲಕ ಎಚ್ಚರವಿದ್ದೇನೆಂದು ಆಗಾಗ ಗುಂಡಿ ಒತ್ತಬೇಕಲ್ಲ, ಒತ್ತದಿದ್ದರೆ ಬ್ರೇಕು ತಾನಾಗಿ ಬೀಳುತ್ತದಲ್ಲ, ಹಾಗೆ. ಮೌನವನ್ನು ಒಪ್ಪಿಗೆ ಎಂದು ತಿಳಿಯುವ ಯಂತ್ರ ಲ್ಯಾಬಿನಲ್ಲಿ ಇರಬಾರದು.

ಮೈಕ್ರೋಕಂಟ್ರೋಲರಿನೊಳಗೂ, ಅದು ನಡೆಸುವ ಹಲವು ಕೆಲಸಗಳ ನಡುವೆ, ಹೊತ್ತಿನ ಜಗಳ ಇದ್ದೇ ಇದೆ. 1997ರ ಜುಲೈ 4ರಂದು ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನದ ಅಂಕಿ ಸಂಗ್ರಹಿಸುವ ಕೆಳದರ್ಜೆಯ ಕೆಲಸವೊಂದು ಎಲ್ಲರೂ ಬಳಸುವ, ಆದರೆ ಒಮ್ಮೆಗೆ ಒಂದೇ ಕೆಲಸಕ್ಕೆ ಸಿಗುವ ಬೀಗವನ್ನು ಹಿಡಿದುಕೊಂಡಿತ್ತು. ನಡುದರ್ಜೆಯ ಕೆಲಸಗಳು ಅದನ್ನು ಮುಂದುವರಿಯಲು ಬಿಡಲಿಲ್ಲ. ಅತ್ಯಂತ ತುರ್ತಿನ ಕೆಲಸ ಬೀಗಕ್ಕಾಗಿ ಕಾಯುತ್ತ ನಿಂತಿತು. ಬೀಗ ಹಿಡಿದವರಿಗೆ, ಕಾಯುತ್ತಿರುವವರ ದರ್ಜೆಯನ್ನು ತಾತ್ಕಾಲಿಕವಾಗಿ ಕೊಡುವ ಸೌಲಭ್ಯವನ್ನು ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಿದರು. ನಮ್ಮ ರಿಯಾಕ್ಟರಿನಲ್ಲಿ ಇದರ ರೂಪ ಬಹಳ ಸಾಮಾನ್ಯವಾದದ್ದು: ಮೆಮೊರಿ ಕಾರ್ಡಿಗೆ ದಾಖಲೆ ಬರೆಯುವ ಕೆಲಸ ಸೆನ್ಸರಿನ ದಾರಿಯನ್ನು ಹಿಡಿದುಕೊಂಡಿರುತ್ತದೆ, ತೆರೆಯ ಮೇಲೆ ಗ್ರಾಫ್ ಬಿಡಿಸುವ ಕೆಲಸ ನಡುವೆ ನುಗ್ಗುತ್ತದೆ, ತಾಪಮಾನ ನೋಡಬೇಕಾದ ಕೆಲಸ ಹೊರಗೆ ನಿಂತಿರುತ್ತದೆ.

ಹೊತ್ತಿಗೆ ಸರಿಯಾಗಿ ಅಳತೆ ಬಂದರೂ ಅದು ನಿಜವಿರಬೇಕಲ್ಲ. ಲ್ಯಾಬುಗಳಲ್ಲಿ ಹೆಚ್ಚು ಬಳಕೆಯ ಪಿಟಿ100 ಸೆನ್ಸರ್ ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರು ಡಿಗ್ರಿಯಲ್ಲಿ 138.5 ಓಮ್ ರೋಧ ತೋರಿಸುತ್ತದೆ. ಅದರ ವೈರ್ ಕಡಿದರೆ ರೋಧ ಮಿತಿಯಿಲ್ಲದೆ ಏರುತ್ತದೆ, ತಂತ್ರಾಂಶ ಅದನ್ನು ವಿಪರೀತ ಬಿಸಿ ಎಂದು ಓದಿ ಹೀಟರ್ ನಿಲ್ಲಿಸುತ್ತದೆ. ಅದೃಷ್ಟ. ವೈರ್‌ಗಳು ಒಂದಕ್ಕೊಂದು ತಾಗಿದರೆ ರೋಧ ಕುಸಿಯುತ್ತದೆ, ತಂತ್ರಾಂಶ ಅದನ್ನು ಕೊರೆಯುವ ಚಳಿ ಎಂದು ಓದಿ ಹೀಟರನ್ನು ಪೂರ್ತಿ ಏರಿಸುತ್ತದೆ. ಇವೆರಡನ್ನೂ ಹಿಡಿಯುವುದು ಸುಲಭ, ಸಾಧ್ಯವೇ ಇಲ್ಲದ ಅಳತೆ ಬಂದರೆ ನಂಬಬೇಡ ಎಂದು ಬರೆದರಾಯಿತು. ಮೂರನೆಯದು ಕಷ್ಟದ್ದು. ಸೆನ್ಸರ್ ಆಯಿಲ್ ಬಾತ್‌ನಿಂದ ಜಾರಿ ಗಾಳಿಯಲ್ಲಿ ತೂಗುತ್ತಿರುತ್ತದೆ. ವೈರ್ ಚೆನ್ನಾಗಿದೆ, ಅಳತೆ ಚೆನ್ನಾಗಿದೆ, 28 ಡಿಗ್ರಿ, ಅದು ಕೋಣೆಯ ತಾಪಮಾನ. ಕೆಳಗೆ ಎಣ್ಣೆ ಹೊಗೆಯಾಡುತ್ತಿದೆ. ಇಂಥದ್ದನ್ನು ಹಿಡಿಯಲು ತಂತ್ರಾಂಶಕ್ಕೆ ಒಂದಿಷ್ಟು ಲೋಕಜ್ಞಾನ ಬೇಕು: ಹೀಟರ್ ಐದು ನಿಮಿಷದಿಂದ ಪೂರ್ತಿ ಉರಿಯುತ್ತಿದ್ದರೂ ತಾಪಮಾನ ಕದಲಿಲ್ಲವೆಂದರೆ ಎಲ್ಲೋ ಸುಳ್ಳಿದೆ.

ಇಷ್ಟೆಲ್ಲ ಬರೆದ ಮೇಲೂ ಕೊನೆಯ ಕಾವಲನ್ನು ತಂತ್ರಾಂಶಕ್ಕೆ ಒಪ್ಪಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೀಟರಿಗೆ ವಿದ್ಯುತ್ ಕೊಡುವ ಸಾಲಿಡ್ ಸ್ಟೇಟ್ ರಿಲೇ ಕೆಟ್ಟಾಗ ಸಾಮಾನ್ಯವಾಗಿ ಆನ್ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತದೆ. ಆಗ ಮೈಕ್ರೋಕಂಟ್ರೋಲರ್ ಎಷ್ಟು ಸಲ "ಆಫ್" ಎಂದು ಕೂಗಿದರೂ ಹೀಟರಿಗೆ ಕೇಳಿಸದು. ತನ್ನದೇ ಸೆನ್ಸರ್ ಇಟ್ಟುಕೊಂಡು, ಯಾವ ಕೋಡಿನ ಹಂಗೂ ಇಲ್ಲದೆ ಮುಖ್ಯ ಲೈನನ್ನೇ ಕಡಿಯುವ ಥರ್ಮಲ್ ಕಟ್‌ಆಫ್ ಬೇಕು. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕತೆ ನಮ್ಮ ವೃತ್ತಿಯವರೆಲ್ಲ ಕೇಳಿರುವಂಥದ್ದು. ಹಿಂದಿನ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ತಂತ್ರಾಂಶವನ್ನೇ ನೆಚ್ಚಿಕೊಂಡ ಆ ಯಂತ್ರ 1985ರಿಂದ 1987ರೊಳಗೆ ಆರು ಮಂದಿಗೆ ವಿಪರೀತ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ತಂತ್ರಾಂಶದಲ್ಲಿ ದೋಷಗಳಿದ್ದವು, ನಿಜ. ನನ್ನನ್ನು ಹೆಚ್ಚು ಕಾಡುವುದು ಆ ತಡೆಗಳನ್ನು ತೆಗೆದ ನಿರ್ಧಾರ.

ಆಫ್ ಮಾಡಿದರೆ ಸಾಲದು, ಕೆಟ್ಟಾಗ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿರಬೇಕು ಎಂಬ ನನ್ನ ಮಾತಿಗೆ ಬರುವ ಆಕ್ಷೇಪಗಳಲ್ಲಿ ಒಂದು ಗಂಭೀರವಾದದ್ದು. ಪ್ರತಿ ಕ್ರಿಯೆಯೂ ಬೇರೆ, ಸಂಶೋಧನೆಯ ಲ್ಯಾಬಿನಲ್ಲಂತೂ ನಾಳೆ ಯಾವ ಕ್ರಿಯೆ ನಡೆಯುತ್ತದೆಂದು ಯಂತ್ರ ಮಾಡಿದವರಿಗೆ ಹೇಗೆ ಗೊತ್ತಾಗಬೇಕು? ಸುರಕ್ಷಿತ ಸ್ಥಿತಿ ಯಾವುದೆಂದು ಅವರು ಮೊದಲೇ ಬರೆದಿಡುವುದು ಹೇಗೆ? ಪ್ರಶ್ನೆ ಸರಿಯಾಗಿದೆ. ಬರೆದಿಡಲು ಆಗುವುದಿಲ್ಲ, ಆದರೆ ಕೇಳಬಹುದು. ಯಂತ್ರ ಶುರುವಾಗುವ ಮೊದಲು ಬಳಸುವವರನ್ನು ಕೇಳಬೇಕು: ಕೆಟ್ಟಾಗ ಡೋಸಿಂಗ್ ನಿಲ್ಲಲೋ? ಕಲಕುವುದು ಮುಂದುವರಿಯಲೋ? ಜಾಕೆಟ್ ತಣ್ಣಗೆ ಹೋಗಲೋ, ಇದ್ದಲ್ಲೇ ಇರಲೋ? ಕರೆಂಟ್ ಹೋಗಿ ಬಂದರೆ ತಾನಾಗಿ ಮುಂದುವರಿಯಲೋ, ಮನುಷ್ಯರು ಬರುವವರೆಗೆ ಕಾಯಲೋ? ಎಷ್ಟು ಹಾಕಿದ ಮೇಲೂ ತಾಪಮಾನ ಏರದಿದ್ದರೆ ಅನುಮಾನಿಸಲಿ? ಉತ್ತರ ತುಂಬದೆ ಶುರುವಾಗಬಾರದು. ಇವು ರಸಾಯನಶಾಸ್ತ್ರದ ಪ್ರಶ್ನೆಗಳು, ನಾನು ಉತ್ತರಿಸುವಂಥವಲ್ಲ. ಕೆಲವು ಕ್ರಿಯೆಗೆ ಕಲಕುವುದನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದೇ ಅಪಾಯ, ಅಲ್ಲಿಯವರೆಗೆ ಬೇರೆ ಬೇರೆ ಪದರಗಳಾಗಿ ಕೂತಿದ್ದ ರಾಸಾಯನಿಕಗಳು ಒಮ್ಮೆಲೇ ಬೆರೆಯುತ್ತವೆ. ಇನ್ನು ಕೆಲವಕ್ಕೆ ಅತಿಯಾಗಿ ತಣಿಸಿದರೆ ಒಳಗಿನದು ಗಟ್ಟಿಕಟ್ಟಿ ಸ್ಟರರ್ ಸಿಕ್ಕಿಕೊಳ್ಳುತ್ತದೆ.

ಮನುಷ್ಯರು ಬೆಂಚಿನ ಮುಂದೆ ನಿಲ್ಲುವುದು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಇದು ಇನ್ನಷ್ಟು ಮುಖ್ಯ. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಲ್ಯಾಬಿನೊಳಗೆ ಓಡಾಡುತ್ತಾ ಎಂಟು ದಿನಗಳಲ್ಲಿ 688 ಪ್ರಯೋಗ ಮಾಡಿದ ರೋಬೋಟಿನ ವರದಿ 2020ರಲ್ಲಿ ಬಂದಾಗ ನನಗೂ ರೋಮಾಂಚನವಾಗಿತ್ತು. ಮುಂದಿನ ಪ್ರಯೋಗ ಯಾವುದಿರಬೇಕೆಂದು ಕಲಿಯುವ ತಂತ್ರಾಂಶ ಆರಿಸಲಿ, ನನ್ನ ತಕರಾರಿಲ್ಲ. ಆದರೆ ಬೆಂಚಿನ ಮುಂದೆ ನಿಂತ ಮನುಷ್ಯ ತನಗೇ ಅರಿವಿಲ್ಲದೆ ಎಷ್ಟು ಕೆಲಸ ಮಾಡುತ್ತಿರುತ್ತಾನೆಂದು ಎಣಿಸಿ ನೋಡಬೇಕು. ಕುದಿಯುವ ಸದ್ದು ಬದಲಾದರೆ ತಿರುಗಿ ನೋಡುತ್ತಾನೆ. ಬಣ್ಣ ತಿರುಗಿದರೆ, ಸ್ಟರರ್ ಏದುಸಿರು ಬಿಟ್ಟರೆ, ರಬ್ಬರ್ ಸುಟ್ಟ ವಾಸನೆ ಬಂದರೆ ಕೈ ತಾನಾಗಿ ನಲ್ಲಿಯ ಕಡೆ ಹೋಗುತ್ತದೆ. ಆ ಮನುಷ್ಯನನ್ನು ಮನೆಗೆ ಕಳಿಸಿದಾಗ ಆ ಕಣ್ಣು, ಕಿವಿ, ಮೂಗುಗಳ ಹೊಣೆ ಯಾರಿಗೆ ಹೋಯಿತು ಎಂಬುದಕ್ಕೆ ಬೆಂಚಿನ ಕೆಳಗಿನ ಸಣ್ಣ ಕಂಟ್ರೋಲರ್ ಪೆಟ್ಟಿಗೆಯಲ್ಲಿ ಉತ್ತರವಿರಬೇಕು.

ಆ ಉತ್ತರವನ್ನು ಇಬ್ಬರು ಕೂತು ಬರೆಯಬೇಕು. ಬೆಂಗಳೂರಿನ ಬೊಮ್ಮಸಂದ್ರ, ಜಿಗಣಿ ಕಡೆ ಔಷಧ ಸಂಶೋಧನೆಯ ಲ್ಯಾಬುಗಳಿವೆ. ಅದೇ ಊರಿನ ವೈಟ್‌ಫೀಲ್ಡಿನಲ್ಲೋ ರಿಂಗ್ ರೋಡಿನಲ್ಲೋ ಕೂತು ಎಂಬೆಡೆಡ್ ಎಂಜಿನಿಯರುಗಳು ಯಂತ್ರದೊಳಗಿನ ಚಿಪ್ಪುಗಳಿಗೆ ಕೋಡು ಬರೆಯುತ್ತಾರೆ. ಇಬ್ಬರ ನಡುವೆ ಒಂದು ಬಸ್ ಪ್ರಯಾಣದ ದೂರ, ಭೇಟಿ ಮಾತ್ರ ಅಪರೂಪ. ನಡುವೆ ಓಡಾಡುವುದು ಬೇಡಿಕೆ ಪಟ್ಟಿ. "ತಣ್ಣಗಾದರೆ?" ಎಂಬ ಪ್ರಶ್ನೆ ಪಟ್ಟಿಯಲ್ಲಿ ಬರುವುದಿಲ್ಲ, ಏಕೆಂದರೆ ಕೇಳಬೇಕಾದವರಿಗೆ ಅದು ಹೇಳದೆಯೇ ಗೊತ್ತಿರಬೇಕಾದ ಸಂಗತಿ, ಬರೆಯುವವರಿಗೆ ಅದು ಹೊಳೆಯಲಾರದ ಸಂಗತಿ. ಎಂಬೆಡೆಡ್ ಕಲಿಯುವ ವಿದ್ಯಾರ್ಥಿಗಳನ್ನು ಒಂದು ವಾರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ, ಕೈಯಲ್ಲಿ ಡ್ರಾಪಿಂಗ್ ಫನಲ್ ಕೊಟ್ಟು ಕೂರಿಸಬೇಕೆಂದು ನಾನು ಸಿಕ್ಕ ಮೇಷ್ಟರಿಗೆಲ್ಲ ಹೇಳುತ್ತ ಬಂದಿದ್ದೇನೆ. ಪಠ್ಯದಲ್ಲಿ ಜಾಗವಿಲ್ಲ ಎನ್ನುತ್ತಾರೆ. ಎಲ್‌ಇಡಿ ಮಿಣುಕಿಸುವ ಪ್ರಯೋಗಕ್ಕೆ ಮಾತ್ರ ಪ್ರತಿ ಸೆಮಿಸ್ಟರಿನಲ್ಲೂ ಜಾಗವಿರುತ್ತದೆ.

ಆ ರಿಯಾಕ್ಟರಿಗೆ ಆಮೇಲೆ ಇನ್ನೂ ಎರಡು ತಿಂಗಳು ಕೆಲಸ ಮಾಡಿದೆವು. ಕೆಳಮಿತಿ ಸೇರಿತು. ಹಾಕಿದ ಪ್ರಮಾಣಕ್ಕೆ ತಕ್ಕ ಶಾಖ ಬರುತ್ತಿದೆಯೇ ಎಂಬ ಲೆಕ್ಕ ಸೇರಿತು. ನೀರು ತುಂಬಿ ವಾಟರ್ ಟ್ರಯಲ್ ನಡೆಸುತ್ತಾ ಒಂದೊಂದೇ ವೈರ್ ಕಿತ್ತೆವು, ಚಿಲ್ಲರ್ ನಿಲ್ಲಿಸಿದೆವು, ಸ್ಟರರನ್ನು ತಡೆದೆವು. ಕೊನೆಯ ದಿನ ಮೇಡಂ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿದರು.

ಕಂಪ್ಯೂಟರೂ ನಮ್ಮ ಕಂಟ್ರೋಲರೂ ಯುಪಿಎಸ್ ಮೇಲಿದ್ದವು. ತೆರೆ ಹೊಳೆಯುತ್ತಿತ್ತು, ಸೆನ್ಸರ್ ಓದುತ್ತಿತ್ತು, ಗ್ರಾಫ್ ಓಡುತ್ತಿತ್ತು. ಚಿಲ್ಲರ್ ಎಳೆಯುವ ವಿದ್ಯುತ್ತನ್ನು ಆ ಯುಪಿಎಸ್ ತಾಳುತ್ತಿರಲಿಲ್ಲ, ಹಾಗಾಗಿ ಅದು ನೇರ ಲೈನಿನಲ್ಲಿತ್ತು. ಸ್ಟರರನ್ನೂ ಯಾರೋ ಅದೇ ಬೋರ್ಡಿಗೆ ಸಿಕ್ಕಿಸಿದ್ದರು. ಎಲ್ಲವನ್ನೂ ನೋಡಬಲ್ಲ, ಏನನ್ನೂ ಮಾಡಲಾಗದ ತಂತ್ರಾಂಶವನ್ನು ನಾವಿಬ್ಬರೂ ನೋಡುತ್ತ ನಿಂತೆವು. ಡೋಸಿಂಗ್ ದಾರಿಯಲ್ಲಿ ಕರೆಂಟ್ ಹೋದರೆ ಸ್ಪ್ರಿಂಗಿನಿಂದ ತಾನಾಗಿ ಮುಚ್ಚುವ ವಾಲ್ವ್ ಹಾಕಿಸಿದ್ದರಿಂದ ಹನಿ ಬೀಳುವುದು ನಿಂತಿತ್ತು. ಸ್ಟರರ್‌ಗೆ ಬೇಕಾದ ವಿದ್ಯುತ್ ಅಲ್ಪ. ಮೇಡಂ ಬಗ್ಗಿ ಅದರ ಪ್ಲಗ್ ಕಿತ್ತು ಯುಪಿಎಸ್ ಲೈನಿಗೆ ಹಾಕಿದರು. ನೀರು ಮತ್ತೆ ಸುತ್ತತೊಡಗಿತು. ಕೇಸರಿ ಬಣ್ಣದ ಟೇಪಿನ ಮೇಲೆ "ಇದನ್ನು ಇಲ್ಲಿಂದ ಕೀಳಬೇಡಿ" ಎಂದು ಮಾರ್ಕರಿನಲ್ಲಿ ಬರೆದು ಪ್ಲಗ್ಗಿನ ಮೇಲೆ ಅಂಟಿಸಿದರು.